ಶಾಹಿನಾಳ ಕೈ ನಡೆದ ದಿನಗಳು

ಸಾತನೂರಿನ ಪ್ರೌಢಶಾಲೆಗೆ ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಸೇರಿದ ವರ್ಷ ಇಲಾಖೆಯಿಂದ ಒಂದು ಗೋಣಿಚೀಲದ ತುಂಬ ಹಾಕಿ ಆಟದ ಸ್ಟಿಕ್ಕುಗಳು ಬಂದವು. ನಾನು ಖೋ ಖೋ ಆಡಿ ಬೆಳೆದವಳು. ಸ್ಟಿಕ್ಕಿನ ಯಾವ ಮಗ್ಗುಲಲ್ಲಿ ಚೆಂಡು ಹೊಡೆಯಬೇಕು ಎಂಬುದನ್ನೂ ಪುಸ್ತಕ ನೋಡಿ ಕಲಿತೆ. ಬೆಳಿಗ್ಗೆ ಕಲಿತದ್ದನ್ನು ಸಂಜೆ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಈಗ ಈ ಕೆಲಸಕ್ಕೆ ಬರುತ್ತಿರುವ ನೀವು ನನಗಿಂತ ಎಷ್ಟೋ ಹೆಚ್ಚು ತಿಳಿದು ಬರುತ್ತೀರಿ. ನಿಯಮ, ವ್ಯಾಯಾಮ, ಆಹಾರ ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ. ಗೋಲ್‌ಕೀಪರುಗಳ ಬಗ್ಗೆ ಮಾತ್ರ ಒಂದಿಷ್ಟು ಹೇಳಬೇಕು. ಅದರಲ್ಲೂ ಒಬ್ಬ ಹುಡುಗಿಗೆ ನಾನು ಮಾಡಿದ ತಪ್ಪನ್ನು ಬರೆದಿಡಬೇಕು.

ಆಗ ಎಲ್ಲ ಶಾಲೆಗಳಲ್ಲೂ ಗೋಲ್‌ಕೀಪರನ್ನು ಆರಿಸುವ ಕ್ರಮ ಒಂದೇ. ಯಾರು ಓಡಲಾರರೋ ಅವರನ್ನು ಗೋಲಿನಲ್ಲಿ ನಿಲ್ಲಿಸುವುದು. ಹಾಗೆ ನನಗೆ ಸಿಕ್ಕವನು ಸಿದ್ದರಾಜು. ಎಂಟನೇ ತರಗತಿಗೇ ದೊಡ್ಡ ಆಳಿನಂತಿದ್ದ. ಕಾಲಿಗೆ ಕಟ್ಟಲು ಪ್ಯಾಡ್ ಇರಲಿಲ್ಲ. ಹಳೆಯ ಹಾಸಿಗೆಯ ತೆಂಗಿನ ನಾರನ್ನು ಗೋಣಿತಾಟಿಗೆ ತುಂಬಿ ನಾನೇ ದಬ್ಬಳದಲ್ಲಿ ಹೊಲಿದು ಕಟ್ಟಿದ್ದೆ. ಕನಕಪುರದಲ್ಲಿ ತಾಲ್ಲೂಕು ಮಟ್ಟದ ಪಂದ್ಯಗಳು ನಡೆದಾಗ ಮೊದಲ ದಿನ ಅವನು ಒಂದು ಗೋಲನ್ನೂ ಬಿಡಲಿಲ್ಲ. ಬೇರೆ ಶಾಲೆಯ ಮೇಷ್ಟ್ರುಗಳು ಬಂದು ಅವನ ಬೆನ್ನು ತಟ್ಟಿದರು. ಮರುದಿನ ಅದೇ ಹುಡುಗ ಅದೇ ಪ್ಯಾಡ್ ಕಟ್ಟಿಕೊಂಡು ಐದು ಗೋಲು ಬಿಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವನನ್ನು ಚೆನ್ನಾಗಿ ಬೈದೆ.

“ನೆನ್ನೆ ಮಾಡಿದ್ದನ್ನ ಇವತ್ತು ಯಾಕೆ ಮಾಡಲಿಲ್ಲ ನೀನು?”

ಸಿದ್ದರಾಜು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ: “ನೆನ್ನೆ ನಾನೇನೂ ಮಾಡ್ನಿಲ್ಲ ಮಿಸ್. ಬಾಲೇ ಬಂದ್ ಬಂದ್ ನನ್ಗೆ ಬಡೀತಿತ್ತು.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಯೋಚಿಸಿ ನೋಡುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಕೆಲವು ವರ್ಷಗಳ ನಂತರ ಚನ್ನಪಟ್ಟಣದ ಒಂದು ಬಾಲಕಿಯರ ಪ್ರೌಢಶಾಲೆಗೆ ವರ್ಗವಾಯಿತು. ಅಲ್ಲಿ ಸಿಕ್ಕವಳು ಶಾಹಿನಾ. ಅವಳ ತಂದೆ ರಹಮತ್ ಸಾಬರು ಮನೆಯ ಮುಂಭಾಗದಲ್ಲೇ ಯಂತ್ರ ಇಟ್ಟುಕೊಂಡು ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದವರು. ಶಾಹಿನಾ ಓಡಲಾರದೆ ಗೋಲಿಗೆ ಬಂದವಳಲ್ಲ. “ನನ್ಗೆ ಅಲ್ಲೇ ನಿಲ್ಸಿ ಮಿಸ್, ಅಲ್ಲಿಂದ ಎಲ್ಲಾರೂ ಕಾಣ್ತಾರೆ” ಎಂದು ತಾನಾಗಿಯೇ ಕೇಳಿಕೊಂಡು ಬಂದವಳು. ನನ್ನ ಅಷ್ಟು ವರ್ಷದ ಕೆಲಸದಲ್ಲಿ ಗೋಲ್‌ಕೀಪರ್ ಆಗುತ್ತೇನೆಂದು ಕೇಳಿದ ಮೊದಲ ಮಗು ಅದು. ಸಣ್ಣ ಮೈ, ಉದ್ದ ಕೈ. ಗಂಟಲು ಮಾತ್ರ ದೊಡ್ಡದು. ಅಭ್ಯಾಸದ ಹೊತ್ತಿನಲ್ಲಿ ಒಂದೇ ಸಮನೆ ಕೂಗುತ್ತಿದ್ದಳು. ಅದನ್ನು ನಾನು ಗಲಾಟೆ ಎಂದುಕೊಂಡಿದ್ದೆ. “ಬಾಯಿ ಕಡಿಮೆ ಮಾಡಿ ಬಾಲ್ ನೋಡೇ” ಎಂದು ಎಷ್ಟೋ ಸಲ ಗದರಿದ್ದೇನೆ.

ಅವಳ ಮುಂದೆ ಬ್ಯಾಕ್ ಸ್ಥಾನದಲ್ಲಿ ನಿಲ್ಲುತ್ತಿದ್ದವಳು ದೊಡ್ಡಮಳೂರಿನ ಪುಟ್ಟಲಕ್ಷ್ಮಿ. ಬೆಳಿಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗಿ. ಮಾತು ಕಡಿಮೆ, ಕಾಲು ಗಟ್ಟಿ. ಅವಳು ಚೆಂಡನ್ನು ಕಸಿದುಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಎದುರಾಳಿಯ ಪಕ್ಕದಲ್ಲಿ ಸುಮ್ಮನೆ ಓಡುತ್ತಿದ್ದಳು, ಅಷ್ಟೆ. ಅದನ್ನೂ ನಾನು ಸರಿಯಾಗಿ ನೋಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಆ ವರ್ಷ ಹೋಬಳಿ ಮಟ್ಟದಲ್ಲಿ ನಮ್ಮ ಮೇಲೆ ಗೋಲಾಗಲಿಲ್ಲ. ತಾಲ್ಲೂಕು ಮಟ್ಟದಲ್ಲೂ ಆಗಲಿಲ್ಲ. ರಾಮನಗರದಲ್ಲಿ ಜಿಲ್ಲಾ ಮಟ್ಟ ನಡೆದಾಗ ಮಾಗಡಿಯ ತಂಡವೊಂದು ಇಡೀ ಪಂದ್ಯ ನಮ್ಮ ಗೋಲಿನ ಮುಂದೆಯೇ ಇತ್ತು. ಆದರೂ ಚೆಂಡು ಒಳಗೆ ಹೋಗಲಿಲ್ಲ. ಸತತವಾಗಿ ಗೋಲು ಬಿಡದ ಕೀಪರನ್ನು ಕಂಡರೆ ನಮ್ಮ ಕಡೆ ‘ಕೈ ನಡೀತೈತೆ’ ಎನ್ನುತ್ತಾರೆ. ಪತ್ರಿಕೆಯವರು ಅದನ್ನೇ ಫಾರ್ಮ್ ಎಂದು ಬರೆಯುತ್ತಾರೆ. ಶಾಹಿನಾಳ ಕೈ ನಡೆಯುತ್ತಿದೆ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಒಂದು ವಾರದಲ್ಲಿ ಇಡೀ ಶಾಲೆ ಅದನ್ನೇ ಹೇಳುತ್ತಿತ್ತು. ಕಿರುಪರೀಕ್ಷೆಗೆ ಹೋಗುವ ಮಕ್ಕಳು ಅವಳ ಕೈ ಮುಟ್ಟಿ ಹೋಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಮುಂದೆ ಕರೆದು ಎರಡೂ ಕೈ ಎತ್ತಿ ತೋರಿಸಲು ಹೇಳಿದರು. ಅವಳು ನಗುತ್ತಾ ಎತ್ತಿದಳು.

ನಾನೂ ಕಡಿಮೆಯೇನಲ್ಲ. ಮೊದಲ ಪಂದ್ಯದ ದಿನ ಹಾಕಿದ್ದ ಕಾಲುಚೀಲವನ್ನೇ ಪ್ರತಿ ಪಂದ್ಯಕ್ಕೂ ಹಾಕಬೇಕೆಂದು ಹೇಳಿದವಳು ನಾನೇ. ಒಗೆಯಬೇಡ ಎಂದೂ ಹೇಳಿದೆ. ಜಿಲ್ಲಾ ಮಟ್ಟದ ಎರಡನೆಯ ದಿನ ಅವಳು ಬೆಳಗಿನ ತಿಂಡಿ ಮುಟ್ಟಲಿಲ್ಲ. ಯಾಕೆಂದು ಕೇಳಿದರೆ, “ನೆನ್ನೆ ತಿಂದಿರ್ಲಿಲ್ಲ ಮಿಸ್, ಅದಕ್ಕೆ” ಎಂದಳು. ಆಗಲಾದರೂ ನನಗೆ ಎಚ್ಚರವಾಗಬೇಕಿತ್ತು. ಹದಿನಾಲ್ಕು ವರ್ಷದ ಮಗು ತನ್ನ ಕೈಗಳನ್ನೇ ನೋಡಿ ಹೆದರಲು ಶುರು ಮಾಡಿತ್ತು. ನಾನು ಅದನ್ನು ಶ್ರದ್ಧೆ ಎಂದುಕೊಂಡೆ.

ಇದನ್ನು ನಂಬದೆ ಇದ್ದವರು ಒಬ್ಬರೇ, ಗಣಿತದ ನಾರಾಯಣಪ್ಪ ಮೇಷ್ಟ್ರು. ಕಾಲು ಸ್ವಲ್ಪ ಎಳೆದು ಹಾಕಿ ನಡೆಯುತ್ತಿದ್ದರು. ಮೈದಾನಕ್ಕೆ ನಮ್ಮ ಜೊತೆ ಬರುವುದೆಂದರೆ ಅವರಿಗೆ ಖುಷಿ. ಒಂದು ದಿನ ಅವರು ಒಂಬತ್ತನೇ ತರಗತಿಯಲ್ಲಿ ಒಂದು ಆಟ ಆಡಿಸಿದರು. ಅರ್ಧ ಸೀಳಿದ ಹುಣಸೆ ಬೀಜದ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳುಪು. ಅರ್ಧ ತರಗತಿ ಬೀಜವನ್ನು ಎಸೆದು ಎಸೆದು ಬಿದ್ದ ಬಣ್ಣವನ್ನು ಸಾಲಾಗಿ ಬರೆಯಬೇಕು. ಉಳಿದರ್ಧ ಎಸೆಯದೆ, ಎಸೆದಂತೆ ಊಹಿಸಿಕೊಂಡು ಬರೆಯಬೇಕು. ಯಾರದು ನಿಜ, ಯಾರದು ಊಹೆ ಎಂದು ಹಾಳೆ ನೋಡಿಯೇ ಹೇಳುತ್ತೇನೆಂದರು. ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೇಳಿದರು. ಸ್ಟಾಫ್ ರೂಮಿನಲ್ಲಿ ನಾನು ಅದರ ಗುಟ್ಟು ಕೇಳಿದೆ.

“ಊಹೆ ಮಾಡಿ ಬರೆಯೋರು ಒಂದು ಕಪ್ಪು, ಒಂದು ಬಿಳುಪು, ಎರಡು ಕಪ್ಪು ಅಂತ ಹದವಾಗಿ ಬೆರೆಸ್ತಾರೆ ಮೇಡಂ. ನಿಜವಾಗಿ ಎಸೆದರೆ ಕಪ್ಪೇ ಆರೇಳು ಸಲ ಒಟ್ಟಿಗೆ ಬೀಳ್ತದೆ. ಬೀಜಕ್ಕೇನು ಫಾರ್ಮ್ ಇರ್ತದಾ? ಬರೀ ಸಾಲು ನೋಡಿ ಕೈ ನಡೀತದೆ ಅನ್ನೋಕಾಗಲ್ಲ.”

ಅವರು ಯಾರ ವಿಷಯ ಹೇಳುತ್ತಿದ್ದಾರೆಂದು ಗೊತ್ತಾಗಿ ನನಗೆ ಸಿಟ್ಟು ಬಂತು. “ಆ ಮಗು ಏನು ಹುಣಸೆ ಬೀಜವಾ ಸಾರ್?” ಎಂದೆ.

“ಅಲ್ಲ” ಎಂದರು. “ಅದಕ್ಕೇ ಹೇಳ್ತಿರೋದು. ಮಗು ಆಗಿರೋದ್ರಿಂದ ಸಾಲು ಮುರಿದ ದಿನ ಅದಕ್ಕೆ ನೋವಾಗ್ತದೆ. ಬೀಜಕ್ಕೆ ಆಗಲ್ಲ.”

ನಾನು ಎದ್ದು ಹೊರಗೆ ಹೋದೆ.

ಜಿಲ್ಲಾ ಮಟ್ಟದ ಕೊನೆಯ ಪಂದ್ಯದಲ್ಲಿ ನಾವೂ ಗೋಲು ಹೊಡೆಯಲಿಲ್ಲ, ಅವರೂ ಹೊಡೆಯಲಿಲ್ಲ. ಪೆನಾಲ್ಟಿ ಸ್ಟ್ರೋಕುಗಳಲ್ಲಿ ಗೆದ್ದೆವು. ವಿಭಾಗ ಮಟ್ಟಕ್ಕೆ ಹೊರಟೆವು. ಅದೇ ಹೊತ್ತಿಗೆ ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಶಾಹಿನಾಳ ಹೆಸರು ಹೋಯಿತು. ಆಯ್ಕೆಯಾದರೆ ಊಟ, ವಸತಿ, ಓದು, ಆಟ ಎಲ್ಲವೂ ಅಲ್ಲೇ. ವಿಭಾಗ ಮಟ್ಟ ಮುಗಿದ ಎರಡನೆಯ ಭಾನುವಾರ ಪರೀಕ್ಷೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಮನೆಗೆ ಹೋದಾಗ ರಹಮತ್ ಸಾಬರು ಯಂತ್ರ ನಿಲ್ಲಿಸಿ, ಕೈಯ ಬಣ್ಣ ಒರೆಸಿಕೊಂಡು, ಪತ್ರವನ್ನು ಎರಡು ಸಲ ಓದಿದರು. ಅವರ ಮನೆಯ ಹೆಣ್ಣುಮಕ್ಕಳಲ್ಲಿ ಯಾರೂ ಊರು ಬಿಟ್ಟು ಓದಲು ಹೋಗಿರಲಿಲ್ಲ.

“ನಮ್ ಕಡೆಯೋರು ಏನಾದ್ರೂ ಅಂತಾರೆ ಟೀಚರಮ್ಮ. ಅನ್ಲಿ ಬಿಡಿ. ನಿಮ್ಮನ್ನ ನಂಬಿ ಕಳಿಸ್ತೀನಿ” ಎಂದು ಸಹಿ ಹಾಕಿದರು.

ನಮಗೆ ಆಗ ಕ್ರೀಡೆಯ ಉಸ್ತುವಾರಿಗೆ ಒಬ್ಬ ಪರಿವೀಕ್ಷಕರಿದ್ದರು. ಹೆಸರು ಬೇಡ. ಕೆಟ್ಟ ಮನುಷ್ಯರಲ್ಲ. ಚೆನ್ನಾಗಿ ಆಡಿದವರು, ಮಕ್ಕಳ ಊಟ ತಿಂಡಿಗೆ ಓಡಾಡುವವರು. ವಿಭಾಗ ಮಟ್ಟದ ಪಂದ್ಯ ಬೇರೆ ಜಿಲ್ಲೆಯಲ್ಲಿತ್ತು. ಪಂದ್ಯದ ಬೆಳಿಗ್ಗೆ ಅವರು ನನ್ನನ್ನು ಮೈದಾನದ ಮೂಲೆಗೆ ಕರೆದರು.

“ಗೋಲಲ್ಲಿ ಅಂಥಾ ಹುಡುಗಿ ಇಟ್ಕೊಂಡು ಆ ಗಟ್ಟಿ ಹುಡುಗಿನ ಯಾಕೆ ಹಿಂದೆ ದಂಡ ಮಾಡ್ತೀರಿ? ಮುಂದಕ್ಕೆ ಹಾಕಿ. ಗೋಲ್ ಹೊಡೆಯೋರೇ ಇಲ್ವಲ್ಲ ನಿಮ್ಮಲ್ಲಿ. ಹಿಂದಿನದ್ನ ಶಾಹಿನಾ ನೋಡ್ಕೋತಾಳೆ. ಅವಳ ಕೈ ನಡೀತಾ ಐತೆ.”

ಆಜ್ಞೆ ಅಂತಲ್ಲ, ಸಲಹೆ. ಬೇಡ ಎನ್ನಬಹುದಿತ್ತು. ನನಗೂ ಅದು ಸರಿ ಎನಿಸಿತು. ಪುಟ್ಟಲಕ್ಷ್ಮಿಯನ್ನು ಕರೆದು ಮುಂದೆ ಆಡು ಎಂದೆ. ಅವಳು ಶಾಹಿನಾಳ ಕಡೆ ತಿರುಗಿ ನೋಡಿ, “ಹಿಂದೆ ಯಾರ್ ಮಿಸ್ ನಿಂತ್ಕತಾರೆ?” ಎಂದಳು. ಒಂಬತ್ತನೇ ತರಗತಿಯ ಹೊಸ ಹುಡುಗಿಯೊಬ್ಬಳ ಹೆಸರು ಹೇಳಿದೆ. ಪುಟ್ಟಲಕ್ಷ್ಮಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ತಲೆಯಾಡಿಸಿ ಹೋದಳು.

ಮೊದಲ ಗೋಲು ಬಿದ್ದದ್ದು ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ. ನೇರವಾಗಿ ಎದುರಿನಿಂದ ಬಂದ ಹೊಡೆತ. ಶಾಹಿನಾ ಬಿದ್ದಳು, ಚೆಂಡು ಅವಳ ಕೈಯ ಮೇಲಿಂದ ಹೋಯಿತು. ನಮ್ಮ ಮಕ್ಕಳೆಲ್ಲ ಆಡುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಹಿಂದೆ ಬಲೆಯಲ್ಲಿ ಚೆಂಡು ಇತ್ತು. ಅವಳು ಕೈಗವಸು ಬಿಚ್ಚಿ ತನ್ನ ಅಂಗೈ ನೋಡಿಕೊಂಡಳು. ಮತ್ತೆ ಹಾಕಿಕೊಂಡಳು. ಎರಡನೆಯದೂ ಎದುರಿನಿಂದಲೇ ಬಂತು. ಮೂರನೆಯದು ಅವಳ ಕಾಲಿಗೆ ತಗುಲಿ ಒಳಗೆ ಹೋಯಿತು. ನಾಲ್ಕನೆಯದರ ಹೊತ್ತಿಗೆ ಅವಳ ಕೂಗು ನಿಂತಿತ್ತು. ಇಡೀ ವರ್ಷ ಗಲಾಟೆ ಎಂದು ಗದರಿದ್ದ ಆ ಕೂಗು ನಿಂತದ್ದು ನನಗೆ ಆಗ ತಿಳಿಯಲಿಲ್ಲ. ಈಗ ನೆನಪಿಸಿಕೊಂಡರೆ ಆ ಮೌನವೇ ಕೇಳಿಸುತ್ತದೆ.

ಐದನೆಯ ಗೋಲಾದ ಮೇಲೆ ಪರಿವೀಕ್ಷಕರು ಕುರ್ಚಿಯಿಂದ ಎದ್ದರು. “ಹೋಯ್ತು ಮೇಡಂ. ಅವಳ ಕೈ ಹೋಯ್ತು. ಈಚೆಗೆ ಕರೀರಿ” ಎಂದರು. ಮೈದಾನಕ್ಕೆಲ್ಲ ಕೇಳುವಂತೆ ಹೇಳಿದರು.

ನಾನು ಕೈ ಎತ್ತಿ ಕರೆದೆ. ಶಾಹಿನಾ ತನ್ನನ್ನಲ್ಲ ಎನ್ನುವಂತೆ ಹಿಂದೆ ತಿರುಗಿ ನೋಡಿದಳು. ಮತ್ತೆ ಕರೆದೆ. ಗೋಲಿನಿಂದ ನಾನಿದ್ದ ಗೆರೆಯ ತನಕ ಅವಳು ಪ್ಯಾಡ್ ಕಟ್ಟಿಕೊಂಡು ನಡೆದು ಬಂದಳು. ಪ್ಯಾಡ್ ಕಟ್ಟಿದವರು ಬೇಗ ನಡೆಯಲಾರರು. ಅಷ್ಟು ಹೊತ್ತೂ ಎಲ್ಲರೂ ಅವಳನ್ನೇ ನೋಡಿದರು. ಬಂದವಳು ನನ್ನಿಂದ ದೂರ ಕೂತು ಒಬ್ಬಳೇ ಪ್ಯಾಡಿನ ಪಟ್ಟಿಗಳನ್ನು ಬಿಚ್ಚಿದಳು. ಅಳಲಿಲ್ಲ. ನಾನು ಪಕ್ಕಕ್ಕೆ ಹೋಗಿ ಕೂರಲಿಲ್ಲ. ಆಟ ನೋಡುತ್ತಾ ನಿಂತೆ. ಆಟದಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ. ಮೂರು ದಿನವಾದ ಮೇಲೆ ತರಗತಿಗೂ ಬರಲಿಲ್ಲ. ಜ್ವರ ಎಂದು ಚೀಟಿ ಬಂತು. ಮನೆಗೆ ಹೋಗಿ ನೋಡಬೇಕಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಅವಳ ಮೇಲೆ ಬೇಸರವಿತ್ತು. ನನ್ನನ್ನು ಅಷ್ಟು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದಳು ಎಂಬ ಬೇಸರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆಯ್ಕೆಯ ಭಾನುವಾರ ಬಂತು. ಅವಳು ಬರಲಿಲ್ಲ. ರಹಮತ್ ಸಾಬರು ಸಹಿ ಹಾಕಿದ ಪತ್ರ ನನ್ನ ಚೀಲದಲ್ಲೇ ಉಳಿಯಿತು.

ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪುಟ್ಟಲಕ್ಷ್ಮಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ಕರೆಯದೆ ತಾನಾಗಿ ಬಂದು ಅವಳು ಮಾತಾಡಿದ್ದು ಅದೇ ಮೊದಲು.

“ಮಿಸ್, ಶಾಹಿನಂದೇನೂ ತಪ್ಪಿಲ್ಲ. ನಾನ್ ಮುಂದಕ್ಕೋದೆ, ಅಷ್ಟೆಯ.”

“ಅಂದ್ರೆ?”

“ನಾನು ಬಾಲ್ ಕಿತ್ಕತಾ ಇರ್ಲಿಲ್ಲ ಮಿಸ್. ಅವ್ರನ್ನ ಗೆರೆ ಕಡೀಕೆ ದಬ್ಕಂಡು ಹೋಯ್ತಾ ಇದ್ದೆ. ಓರೆಯಿಂದ ಹೊಡುದ್ರೆ ಗೋಲ್ ಸಣ್ಣದಾಗಿ ಕಾಣ್ತದೆ. ಅವ್ಳು ಹಿಂದಿಂದ ಕೂಗೋಳು, ಎಡಕ್ಕೆ ತಳ್ಳು, ಬಲಕ್ಕೆ ತಳ್ಳು, ನಿನ್ನ ಬೆನ್ನಿಂದೆ ಒಬ್ಳವ್ಳೆ ಅಂತ. ಅವತ್ತೂ ಕೂಗಿದ್ಲು. ಹೊಸ ಹುಡ್ಗಿಗೆ ತಿಳೀನಿಲ್ಲ.”

“ಅವತ್ತೇ ಯಾಕೆ ಹೇಳಲಿಲ್ಲ ನೀನು?”

“ನೀವು ಕೇಳ್ನಿಲ್ವಲ್ಲ ಮಿಸ್.”

ನಾನು ನಾರಾಯಣಪ್ಪ ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ಜಗಳವಾಡಿ ಹೋದ ಮೇಲೆ ನಾನು ಅವರೊಡನೆ ಸರಿಯಾಗಿ ಮಾತಾಡಿರಲಿಲ್ಲ. ಅವರು ಏನೂ ಕೇಳದೆ ಬೀರುವಿನಿಂದ ಗ್ರಾಫ್ ಹಾಳೆಗಳ ಕಟ್ಟೊಂದನ್ನು ತೆಗೆದರು. ನಮ್ಮ ಜೊತೆ ಬಂದ ಪ್ರತಿ ಪಂದ್ಯದಲ್ಲೂ ಎದುರಾಳಿಗಳು ಚೆಂಡನ್ನು ಎಲ್ಲಿಂದ ಹೊಡೆದರು ಎಂಬುದನ್ನು ಅವರು ಸಣ್ಣ ಸೊನ್ನೆ ಹಾಕಿ ಗುರುತಿಸಿದ್ದರು. ಗೋಲಾಗದ ಪಂದ್ಯಗಳಲ್ಲಿ ಸೊನ್ನೆಗಳೆಲ್ಲ ಎರಡು ಅಂಚುಗಳಲ್ಲಿ ಗುಂಪುಗೂಡಿದ್ದವು. ಕೊನೆಯ ಪಂದ್ಯದ ಹಾಳೆಯಲ್ಲಿ ಸೊನ್ನೆಗಳು ಗೋಲಿನ ಎದುರಿಗೇ ಇದ್ದವು. ಒಂದು ಮಗುವಿಗೂ ಅರ್ಥವಾಗುವಂತಿತ್ತು.

“ಹಾಗಾದರೆ ಫಾರ್ಮ್ ಅನ್ನೋದೇ ಸುಳ್ಳಾ ಸಾರ್?” ಎಂದು ಕೇಳಿದೆ.

ಅವರು ಹಾಳೆಗಳನ್ನು ಜೋಡಿಸುತ್ತಾ ಹೇಳಿದರು: “ಸುಳ್ಳು ಅಂತ ನಾನು ಹೇಳಲ್ಲ ಮೇಡಂ. ಮನುಷ್ಯರಿಗೆ ಒಳ್ಳೆ ದಿನ ಕೆಟ್ಟ ದಿನ ಇರ್ತವೆ. ಇಷ್ಟು ಸಣ್ಣ ಹಾಳೇಲಿ ಅದು ಕಾಣಲ್ಲ. ಕಾಣದೆ ಇರೋದರ ಮೇಲೆ ಒಂದು ಮಗುನ ಮೇಲಕ್ಕೆತ್ತೋದು, ಆಮೇಲೆ ಅದೇ ಹೋಯ್ತು ಅಂತ ಕೆಳಗೆ ಹಾಕೋದು, ಅದು ಸರಿಯಲ್ಲ. ಅಷ್ಟೇ ನನಗೆ ಗೊತ್ತಿರೋದು.”

ಆ ಸಂಜೆ ಹಾಳೆಗಳನ್ನು ತೆಗೆದುಕೊಂಡು, ಪುಟ್ಟಲಕ್ಷ್ಮಿಯನ್ನು ಕರೆದುಕೊಂಡು ಶಾಹಿನಾಳ ಮನೆಗೆ ಹೋದೆ. ರಹಮತ್ ಸಾಬರು ಯಂತ್ರ ನಿಲ್ಲಿಸಲಿಲ್ಲ. ಒಂದು ಕ್ಷಣ ತಲೆ ಎತ್ತಿ ನೋಡಿ, “ಬನ್ನಿ” ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು. ಶಾಹಿನಾ ಒಳಗಿನಿಂದ ಬಂದಳು. ಅವಳಿಗೆ ಜ್ವರವಿರಲಿಲ್ಲ.

“ಯಾಕಮ್ಮ ಬರಲಿಲ್ಲ ನೀನು ಆಯ್ಕೆಗೆ?”

“ಬಂದು ಏನ್ ಮಾಡ್ಲಿ ಮಿಸ್. ಕೈ ಹೋಯ್ತಲ್ಲ” ಎಂದಳು. ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು. ಏನೋ ಒಂದು ಅವಳೊಳಗೆ ಬಂದು ಇದ್ದು ಎದ್ದು ಹೋಗಿದೆ ಎಂದು ಆ ಮಗು ನಿಜವಾಗಿ ನಂಬಿತ್ತು. ನಂಬಿಸಿದವರು ನಾವು.

ನಾನು ನೆಲದ ಮೇಲೆ ಹಾಳೆಗಳನ್ನು ಹರಡಿ ವಿವರಿಸಿದೆ. ಪುಟ್ಟಲಕ್ಷ್ಮಿಯನ್ನು ಮುಂದೆ ಕಳಿಸಿದ್ದು ನನ್ನ ತಪ್ಪು, ನಿನ್ನನ್ನು ಈಚೆಗೆ ಕರೆದದ್ದೂ ನನ್ನ ತಪ್ಪು ಎಂದೆ. ನಿನ್ನ ಕೈ ಹೋಗಿಲ್ಲ, ಹೋಗುವಂಥದ್ದು ಏನೂ ಇರಲೇ ಇಲ್ಲ ಎಂದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ಗೋಲಾಗದ ಪಂದ್ಯಗಳ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಹಂಗಾದ್ರೆ ಅದೂ ನಂದಲ್ವಾ ಮಿಸ್?”

ಸೋಲನ್ನು ಅವಳ ಹೆಗಲಿನಿಂದ ಇಳಿಸಲು ಹೋಗಿ ಗೆಲುವನ್ನೂ ಕಸಿದುಕೊಂಡು ಬಿಟ್ಟಿದ್ದೆ. ಯಂತ್ರ ನಿಂತಿತು. ರಹಮತ್ ಸಾಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಮಾತಾಡಿದವಳು ಪುಟ್ಟಲಕ್ಷ್ಮಿ. “ಥೂ ಸುಮ್ಕಿರಮ್ಮಿ. ನೀನ್ ಕೂಗ್ದಿದ್ರೆ ನಂಗೇನ್ ಗೊತ್ತಾಯ್ತಿತ್ತು ಯಾರ್ ಎಲ್ಲವ್ರೆ ಅಂತ? ನಿನ್ ಕಣ್ಣು, ನನ್ ಕಾಲು. ಓರೆಯಿಂದ ಬಂದ್ರೂ ತಡೀಬೇಕಲ್ಲ, ತಡ್ದೋಳು ನೀನೇ ತಾನೆ? ನಾನೇನ್ ಗೋಲಲ್ಲಿ ನಿಂತಿದ್ನಾ?”

ಶಾಹಿನಾ ಆಗ ಅತ್ತಳು. ಪುಟ್ಟಲಕ್ಷ್ಮಿ ಅವಳ ಪಕ್ಕದಲ್ಲಿ ಕೂತಳು. ನಾನು ಮತ್ತು ರಹಮತ್ ಸಾಬರು ಹೊರಗೆ ಬಂದು ನಿಂತೆವು. ಅವರು ನನ್ನನ್ನು ಬೈಯಲಿಲ್ಲ. “ಪತ್ರ ವಾಪಸ್ ಕೊಟ್ಬಿಡಿ ಟೀಚರಮ್ಮ” ಎಂದರು. ಚೀಲದಿಂದ ತೆಗೆದು ಕೊಟ್ಟೆ. ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಇನ್ನೊಂದು ಸಲ ಆಯ್ಕೆ ಪರೀಕ್ಷೆ ಮಾಡಿಸಲು ಮೂರು ಕಡೆ ಅರ್ಜಿ ಬರೆದೆ. ಪರಿವೀಕ್ಷಕರ ಬಳಿ ಹೋಗಿ ಹಾಳೆಗಳನ್ನು ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು. “ನಿಮ್ಮ ಮೇಷ್ಟ್ರು ಚೆನ್ನಾಗಿ ಬರ್ದವ್ರೆ. ಆದ್ರೆ ಐದು ಗೋಲ್ ಬಿಟ್ಟೋಳಿಗೆ ಇನ್ನೊಂದು ಪರೀಕ್ಷೆ ಮಾಡಿ ಅಂತ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?” ಎಂದರು. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಶಾಹಿನಾ ಹತ್ತನೇ ತರಗತಿಯಲ್ಲಿ ಮತ್ತೆ ಗೋಲಿನಲ್ಲಿ ನಿಂತಳು. ಕೆಲವು ದಿನ ಗೋಲು ಬಿಟ್ಟಳು, ಕೆಲವು ದಿನ ಬಿಡಲಿಲ್ಲ. ನಾವು ತಾಲ್ಲೂಕು ಮಟ್ಟ ದಾಟಲಿಲ್ಲ. ಹತ್ತನೇ ತರಗತಿಗೆ ವಸತಿ ಶಾಲೆಯ ಆಯ್ಕೆ ಇರಲಿಲ್ಲ. ಪುಟ್ಟಲಕ್ಷ್ಮಿ ಮುಂದೆ ಕಾಲೇಜಿನಲ್ಲೂ ಆಡಿ, ಆಟದ ಆಧಾರದ ಮೇಲೆಯೇ ಪೊಲೀಸ್ ಕೆಲಸಕ್ಕೆ ಸೇರಿದಳು.

ನಾರಾಯಣಪ್ಪ ಮೇಷ್ಟ್ರು ನಿವೃತ್ತರಾಗುವ ತನಕ ನಾನು ಅವರಿಂದ ಆ ಸೊನ್ನೆ ಹಾಕುವುದನ್ನು ಕಲಿತೆ. ಆಮೇಲೆ ಹೋದ ಶಾಲೆಗಳಲ್ಲೆಲ್ಲ ಗೋಲು ಎಷ್ಟಾಯಿತು ಎಂದು ಬರೆಯುವ ಮೊದಲು ಚೆಂಡು ಎಲ್ಲಿಂದ ಬಂತು ಎಂದು ಬರೆದೆ. ಈಗ ಮಕ್ಕಳೇ ಮೊಬೈಲಿನಲ್ಲಿ ಪಂದ್ಯ ಹಿಡಿದು ತೋರಿಸುತ್ತಾರೆ. ಒಳ್ಳೆಯದು. ಆದರೆ ಮೊಬೈಲು ಹಿಡಿದವರು ಚೆಂಡಿನ ಹಿಂದೆಯೇ ಹೋಗುತ್ತಾರೆ. ಚೆಂಡಿಲ್ಲದ ಕಡೆ ಯಾರು ಓಡುತ್ತಿದ್ದರು, ಯಾರು ಕೂಗುತ್ತಿದ್ದರು ಎಂಬುದು ಅದರಲ್ಲಿ ಬರುವುದಿಲ್ಲ. ಅದಕ್ಕೆ ನೀವೇ ಗೆರೆಯ ಪಕ್ಕ ನಿಂತು ನೋಡಬೇಕು, ಕಿವಿ ಕೊಡಬೇಕು.

ಶಾಹಿನಾಳನ್ನು ಮತ್ತೆ ಕಂಡದ್ದು ಬಹಳ ವರ್ಷಗಳ ನಂತರ. ಮಂಡಿ ನೋವಿಗೆಂದು ರಾಮನಗರದಲ್ಲಿ ಆಸ್ಪತ್ರೆಗೆ ಹೋಗಿದ್ದೆ. ಹೆಸರು ಕೂಗಿದ ನರ್ಸ್ ನನ್ನನ್ನು ನೋಡಿ ಚೀಟಿಯ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು. ನಾನೇ ಗುರುತಿಸಲು ತಡ ಮಾಡಿದೆ. ಕುರ್ಚಿಯಲ್ಲಿ ಕೂರಿಸಿ ರಕ್ತದೊತ್ತಡ ನೋಡಿದಳು. ಅಪ್ಪ ಇದ್ದಾರೆ, ಕಣ್ಣು ಮಂಜಾಗಿದೆ ಎಂದಳು. ತನಗೆ ಎರಡು ಮಕ್ಕಳು ಎಂದಳು. ಅವಳು ಹೊರಡುವ ಮುಂಚೆ ಹೇಳಿಬಿಡಬೇಕೆನಿಸಿ, ಆ ಪಂದ್ಯದಲ್ಲಿ ನಿನಗೆ ಅಷ್ಟು ಗೋಲು ಬೀಳುವಂತೆ ಮಾಡಿದೆನಲ್ಲ, ಕ್ಷಮಿಸಮ್ಮ ಎಂದೆ.

ಅವಳು ನನ್ನ ತೋಳಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚುತ್ತಾ ಹೇಳಿದಳು: “ಗೋಲ್ ಬಿದ್ದಿದ್ದು ಮರ್ತೋಗಿದೆ ಮಿಸ್. ನೀವು ಕರೆದ್ರಲ್ಲ, ಅದು ಮರ್ತಿಲ್ಲ. ಐದು ಬಿದ್ದಿತ್ತು, ನಿಜ. ಆರನೇದು ಇನ್ನೂ ಬಂದಿರ್ಲಿಲ್ವಲ್ಲ. ಅದನ್ನ ತಡೀತಿದ್ದೆನೋ ಏನೋ.”

ಸಿಟ್ಟಿನಿಂದ ಹೇಳಲಿಲ್ಲ. ಬಹಳ ಸಲ ತನ್ನೊಳಗೇ ಹೇಳಿಕೊಂಡ ಮಾತಿನ ಹಾಗೆ ಇತ್ತು. ನನ್ನ ಚೀಟಿಯ ಮೇಲೆ ಅಂಕಿ ಬರೆದು, ಡಾಕ್ಟರ ಕೋಣೆಯ ಬಾಗಿಲ ತನಕ ಕೈ ಹಿಡಿದು ಬಿಟ್ಟು, ಮುಂದಿನವರ ಹೆಸರು ಕೂಗಿದಳು.

ನನ್ನ ಕೊನೆಯ ಶಾಲೆ ಮಾಗಡಿ ತಾಲ್ಲೂಕಿನಲ್ಲಿ. ನಿವೃತ್ತಿಗೆ ಕೆಲವೇ ವಾರಗಳಿದ್ದಾಗ ತಾಲ್ಲೂಕು ಮಟ್ಟದ ಪಂದ್ಯ ಬಂತು. ಗೋಲಿನಲ್ಲಿ ಎಂಟನೇ ತರಗತಿಯ ಕಾವ್ಯ. ಅವಳು ಹಿಂದಿನ ಮೂರು ಪಂದ್ಯಗಳಲ್ಲೂ ಗೋಲು ಬಿಟ್ಟಿದ್ದಳು. ಅವಳ ಕೈ ನಡೀತಿಲ್ಲ, ಬದಲಾಯಿಸಿ ಎಂದು ಊರಿನವರೂ ಸಹೋದ್ಯೋಗಿಗಳೂ ಹೇಳಿದರು. ನಾನು ಹಾಳೆ ನೋಡಿ ಹಿಂದಿನ ಸಾಲಿನ ಇಬ್ಬರನ್ನು ಸರಿಪಡಿಸಿದೆ. ಕಾವ್ಯಳನ್ನು ಬದಲಾಯಿಸಲಿಲ್ಲ. ಪಂದ್ಯ ಹಾಗೇನೂ ಬದಲಾಗಲಿಲ್ಲ. ಎದುರು ತಂಡ ನಮಗಿಂತ ಬಹಳ ಗಟ್ಟಿ. ನಾಲ್ಕು ಗೋಲಾದವು. ನಮ್ಮ ಮುಖ್ಯೋಪಾಧ್ಯಾಯರು ಬಂದು ಕಿವಿಯ ಹತ್ತಿರ ಬಗ್ಗಿದರು.

“ಮಗು ನೊಂದ್ಕೋತದೆ ಮೇಡಂ, ಈಚೆಗೆ ಕರೆದ್ಬುಡಿ.”

“ಇರಲಿ ಸಾರ್” ಎಂದೆ.

ಐದನೆಯ ಹೊಡೆತವನ್ನು ಕಾವ್ಯ ಕಾಲಿನಿಂದ ತಡೆದಳು. ಚೆಂಡು ದೂರ ಹೋಗಿ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸೋತ ಪಂದ್ಯದಲ್ಲಿ ಅದನ್ನು ಗಮನಿಸುವವರು ಯಾರು. ಅದರ ಮುಂದಿನದು ಒಳಗೆ ಹೋಯಿತು. ಅದರ ಮುಂದಿನದನ್ನು ಮತ್ತೆ ತಡೆದಳು. ಅಂಪೈರ್ ಕೊನೆಯ ಸೀಟಿ ಊದುವ ತನಕ ಅವಳು ಅಲ್ಲೇ ಇದ್ದಳು. ನಾನೂ ಗೆರೆಯ ಪಕ್ಕದಿಂದ ಕದಲಲಿಲ್ಲ. ಪಂದ್ಯ ಮುಗಿದಾಗ ನಾನೇ ಮೈದಾನದೊಳಕ್ಕೆ ನಡೆದು ಹೋಗಿ, ಗೋಲಿನ ಮುಂದೆ ಮಂಡಿಯೂರಿ, ಅವಳ ಪ್ಯಾಡಿನ ಪಟ್ಟಿಗಳನ್ನು ಬಿಚ್ಚಿದೆ. ನನ್ನ ಮಂಡಿ ಆ ಕೆಲಸಕ್ಕೆ ಒಪ್ಪುತ್ತಿರಲಿಲ್ಲ. ಆದರೂ ಬಿಚ್ಚಿದೆ. ಅವಳ ಮುಖವೆಲ್ಲ ಧೂಳು, ಕಣ್ಣೀರು ಇಳಿದ ಕಡೆ ಗೆರೆ. ಒಂದು ಪ್ಯಾಡ್ ಬಿಚ್ಚಿ ಇನ್ನೊಂದಕ್ಕೆ ಕೈ ಹಾಕುವಾಗ ಅವಳೇ ಮೂಗು ಒರೆಸಿಕೊಂಡು ಕೇಳಿದಳು.

“ಮಿಸ್, ನಾಳೆ ಪ್ರಾಕ್ಟೀಸು ಎಷ್ಟೊತ್ಗೆ?”

“ಆರೂವರೆಗೆ” ಎಂದೆ.

“ಒಸಿ ಬೇಗ್ನೆ ಬತ್ತೀನಿ” ಎಂದಳು.